ಶಿವಮೊಗ್ಗದಲ್ಲಿ ಗುರುತ್ವ ಅಳೆಯಬೇಕೆ? ಮೊದಲು ದಾರ ಸರಿಯಾಗಿ ಕಟ್ಟಿ

ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಹೆಚ್ಚುವ ಪ್ರಮಾಣ, ಎಲ್ಲೆಡೆ ಒಂದೇ ಅಲ್ಲ. ಭೂಮಿ ತಿರುಗುವುದರಿಂದಲೂ ನಡುವೆ ಉಬ್ಬಿರುವುದರಿಂದಲೂ ಅದು ಮೀಟರ್/ಸೆಕೆಂಡ್² ಲೆಕ್ಕದಲ್ಲಿ ಸಮಭಾಜಕದಲ್ಲಿ ಸುಮಾರು 9.780, ಧ್ರುವಗಳಲ್ಲಿ 9.832. ಹದಿನಾಲ್ಕನೇ ಅಕ್ಷಾಂಶದ ಸಮೀಪವಿರುವ ಶಿವಮೊಗ್ಗಕ್ಕೆ ಲೆಕ್ಕ ಹಾಕಿದರೆ 9.78 ಬರುತ್ತದೆ. ಮನೆಯ ತೊಲೆಗೆ ಲೋಲಕ, ಅಂದರೆ ದಾರದ ತುದಿಯಲ್ಲಿ ತೂಗಾಡುವ ಗುಂಡು, ಕಟ್ಟಿ ಇದನ್ನು ಅಳೆಯಬಹುದು. ಆದರೆ ವಿಜ್ಞಾನ ಮೇಳಗಳಲ್ಲಿ ಮಕ್ಕಳು 9.3, 10.4 ಎಂದೆಲ್ಲ ಬರೆದು ನಿಲ್ಲಿಸಿರುತ್ತಾರೆ. ಎಡವುವುದು ಬಹುತೇಕ ಉದ್ದದ ಅಳತೆಯಲ್ಲಿ.

ಗುಂಡು: ಉಕ್ಕಿನದೋ ಹಿತ್ತಾಳೆಯದೋ, ದುಂಡಗಿದ್ದರೆ ಸಾಕು.

ದಾರ: ಹತ್ತಿಯದು ಮಲೆನಾಡಿನ ಮಳೆಗಾಲದಲ್ಲಿ ತೇವ ಕುಡಿದು ಉದ್ದ ಬದಲಿಸುತ್ತದೆ, ನೈಲಾನ್ ಜಗ್ಗುತ್ತದೆ. ಹೊಲಿಗೆಯ ಪಾಲಿಯೆಸ್ಟರ್ ದಾರವನ್ನೇ ತನ್ನಿ. ಮೊಳೆಗೆ ಗಂಟು ಹಾಕಬೇಡಿ. ತೂಗುವಾಗ ದಾರ ಮೊಳೆಗೆ ಸುತ್ತಿ ಬಿಚ್ಚುತ್ತ ಉದ್ದವನ್ನೇ ಕೆಡಿಸುತ್ತದೆ. ಎರಡು ಮರದ ತುಂಡುಗಳ ನಡುವೆ ದಾರವಿಟ್ಟು ಸ್ಕ್ರೂ ಬಿಗಿಯಿರಿ. ಗುಂಡು ತೂಗುಬಿಟ್ಟು ಒಂದು ರಾತ್ರಿ ಬಿಡಿ, ಆಮೇಲೆ ಅಳೆಯಿರಿ.

ಅಳತೆ ಮರದ ಕೆಳ ಅಂಚಿನಿಂದ ಗುಂಡಿನ ಮಧ್ಯದವರೆಗೆ. ಗುಂಡಿನ ತಳದವರೆಗೆ ಅಳೆದು, ಅದರ ಅರ್ಧ ಅಗಲ ಕಳೆಯುವುದೇ ಸರಿಯಾದ ದಾರಿ. ದರ್ಜಿಯ ಟೇಪು ಬೇಡವೇ ಬೇಡ, ಹಳೆಯದಾದಂತೆ ಹಿಗ್ಗಿರುತ್ತದೆ. ಉಕ್ಕಿನ ಟೇಪಿನ ತುದಿಯ ಕೊಕ್ಕೆಯೂ ಅಲುಗಾಡುತ್ತದೆ. ಹತ್ತು ಸೆಂಟಿಮೀಟರ್ ಗುರುತಿನಿಂದ ಶುರುಮಾಡಿ ಕೊನೆಗೆ ಹತ್ತು ಕಳೆಯಿರಿ. ಒಂದು ಮೀಟರಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಉತ್ತರ 0.1 ಜಾರುತ್ತದೆ. ಸಮಭಾಜಕಕ್ಕೂ ಧ್ರುವಕ್ಕೂ ಇರುವ ಅಂತರದ ಹತ್ತಿರ ಹತ್ತಿರ ಎರಡರಷ್ಟು!

ತೂಗಾಟ: ಎಂಟು ಸೆಂಟಿಮೀಟರಿಗಿಂತ ಹೆಚ್ಚು ಎಳೆಯದೆ ಮೆಲ್ಲನೆ ಬಿಡಿ. ಗುಂಡು ತಳ ದಾಟುವಾಗ ‘ಸೊನ್ನೆ’ ಎಂದು ಗಡಿಯಾರ ಒತ್ತಿ. ಹೋಗಿ ಬಂದು ಅದೇ ದಿಕ್ಕಿನಲ್ಲಿ ಮತ್ತೆ ತಳ ದಾಟಿದರೆ ಒಂದು ತೂಗಾಟ. ‘ಒಂದು’ ಎಂದು ಶುರುಮಾಡಿದವರ ಲೆಕ್ಕದಲ್ಲಿ ಒಂದು ತೂಗಾಟ ಮಾಯ. ಒಂದು ಮೀಟರ್ ಲೋಲಕಕ್ಕೆ ಐವತ್ತು ತೂಗಾಟಗಳು ಸುಮಾರು 100.5 ಸೆಕೆಂಡ್ ಹಿಡಿಯಬೇಕು.

ಲೆಕ್ಕ: 39.48ನ್ನು ಮೀಟರುಗಳಲ್ಲಿರುವ ಉದ್ದದಿಂದ ಗುಣಿಸಿ, ಒಂದು ತೂಗಾಟದ ಕಾಲದ ವರ್ಗದಿಂದ ಭಾಗಿಸಿ. ಮೊಬೈಲ್ ಆ್ಯಪ್ ತೋರಿಸುವ ಅಂಕಿ ನಂಬಬೇಡಿ. ಫೋನನ್ನು ಬೋರಲು ಹಾಕಿದರೆ ಅದೇ ಬದಲಾಗುತ್ತದೆ.

ಎತ್ತರಕ್ಕೆ ಹೋದಂತೆಯೂ ಗುರುತ್ವ ತುಸು ಇಳಿಯುತ್ತದೆ. ಆದರೆ ಇದೇ ಲೋಲಕವನ್ನು ಕೊಡಚಾದ್ರಿಗೆ ಹೊತ್ತು ಆ ವ್ಯತ್ಯಾಸ ಹಿಡಿಯುವ ಆಸೆ ಬಿಡಿ. 1672ರಲ್ಲಿ ಫ್ರೆಂಚ್ ಖಗೋಳಜ್ಞ ಜಾನ್ ರಿಷೆ ಪ್ಯಾರಿಸ್ಸಿನಿಂದ ದಕ್ಷಿಣ ಅಮೆರಿಕದಲ್ಲಿ ಸಮಭಾಜಕದ ಸಮೀಪವಿರುವ ಕಯೆನ್‌ಗೆ ಒಯ್ದ ಲೋಲಕದ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಅಲ್ಲಿ ದೂರವೂ ದೊಡ್ಡದು, ಗಡಿಯಾರ ಇಡೀ ದಿನ ಎಣಿಸುತ್ತಿತ್ತು. 1,343 ಮೀಟರಿನ ಕೊಡಚಾದ್ರಿಯ ತುದಿಯಲ್ಲಿ ಶಿವಮೊಗ್ಗಕ್ಕಿಂತ ಇಳಿಕೆ ಹೆಚ್ಚೆಂದರೆ 0.0024. ಶಿವಮೊಗ್ಗದಲ್ಲಿ ಹೊಂದಿಸಿದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಅಲ್ಲಿಗೆ ಒಯ್ದರೆ ಒಂದು ಕ್ವಿಂಟಲ್ ಅಡಿಕೆಗೆ 25 ಗ್ರಾಂ ಕೂಡ ಕಡಿಮೆಯಾಗದು. ಅದಕ್ಕಿಂತ ಹೆಚ್ಚಿನ ತೂಕ ಗೋಣಿಚೀಲ ಹೀರಿದ ತೇವದಲ್ಲೇ ಇರುತ್ತದೆ.