ಪುಕ್ಕಲು ಮರಿಗೆ ಹಳೇ ಸೀರೆಯ ತುಂಡು

ಮಂಚದ ಕೆಳಗೆ ಪೊರಕೆ ತೂರಿಸಿ ಬೆಕ್ಕಿನ ಮರಿಯನ್ನು ಹೊರಗೆಳೆಯುವುದು, ಕುತ್ತಿಗೆ ಹಿಡಿದು ಚೀಲಕ್ಕೆ ತುರುಕುವುದು, ಜೀಪಿನ ಹಿಂದೆ ಸಾಮಾನಿನ ಜೊತೆ ಇಟ್ಟು ಮಡಿಕೇರಿಯ ದಾರಿ ಹಿಡಿಯುವುದು. ಆಮೇಲೆ ಪಶು ಆಸ್ಪತ್ರೆಯ ಮೇಜಿನ ಮೇಲೆ ಅದು ಡಾಕ್ಟರ ಕೈ ಪರಚಿದರೆ "ಈ ಮರಿ ಭಾರೀ ಜೋರು" ಅಂತ ದೂರು ಬೇರೆ. ಅದು ಜೋರಲ್ಲ, ಜೀವಭಯ. ಮನೆಗೆ ಬಂದು ನಾಲ್ಕು ದಿನವೂ ಆಗದ ಮರಿಗೆ ನಿಮ್ಮ ಕೈಯೇ ಇನ್ನೂ ಹೊಸದು. ಆ ಕೈಯೇ ಅಟ್ಟಿಸಿಕೊಂಡು ಬಂದು ಹಿಡಿದರೆ ಮುಂದೆ ಆರು ತಿಂಗಳು ಅದು ನಿಮ್ಮ ಹತ್ತಿರ ಸುಳಿಯುವುದಿಲ್ಲ. ಮರಿಯನ್ನು ಹೆದರಿಸದೆ ಆಸ್ಪತ್ರೆಗೆ ಒಯ್ಯುವುದು ಹೇಗೆ ಅಂತ ಈಗಿನ ಮಕ್ಕಳಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗುತ್ತಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಹಿಂದೆಲ್ಲ ತೋಟದ ಮನೆಗಳಲ್ಲಿ ಬೆಕ್ಕನ್ನು ಡಾಕ್ಟರ ಹತ್ತಿರ ಒಯ್ಯುವ ಮಾತೇ ಇರಲಿಲ್ಲ. ಪತ್ತಾಯದ ಭತ್ತಕ್ಕೆ ಇಲಿ ಬರಬಾರದು, ಕಾಫಿ ಮೂಟೆ ಕಡಿಯಬಾರದು, ಅಷ್ಟಕ್ಕೆ ಬೆಕ್ಕು. ಹತ್ತು ಮರಿ ಹುಟ್ಟಿದರೆ ಮೂರು ಉಳಿಯುತ್ತಿದ್ದವು, ಉಳಿದವು ಭೇದಿಯಾಗಿ, ಕಣ್ಣಿಗೆ ಕೀವು ಕಟ್ಟಿ ಹೋಗುತ್ತಿದ್ದವು. ಅದನ್ನು ಮರಿಗಳ ಹಣೆಬರಹ ಅಂದುಕೊಳ್ಳುತ್ತಿದ್ದರು. ಹಣೆಬರಹವೂ ಅಲ್ಲ, ಏನೂ ಅಲ್ಲ. ಆ ಭೇದಿ ಬಹುಪಾಲು ಜಂತುಹುಳು, ಇಲ್ಲವೇ ಪ್ಯಾನ್‌ಲ್ಯುಕೊಪೀನಿಯ ಅನ್ನುವ ವೈರಸ್ ಕಾಯಿಲೆ. ಎರಡನ್ನೂ ತಡೆಯಲು ಇವತ್ತು ಔಷಧಿ ಇದೆ, ಲಸಿಕೆ ಇದೆ.

ಮರಿಯನ್ನು ಒಯ್ಯುವ ಬುಟ್ಟಿಯ ವಿಚಾರ ಮೊದಲು. ರಟ್ಟಿನ ಪೆಟ್ಟಿಗೆ ಬೇಡ. ಮರಿ ಹೆದರಿ ಉಚ್ಚೆ ಹೊಯ್ದರೆ ಅಡಿ ನೆನೆದು ಕಳಚುತ್ತದೆ, ನಮ್ಮ ಜೂನ್ ಜುಲೈ ಮಳೆಯಲ್ಲಂತೂ ಗೇಟು ದಾಟುವ ಮುಂಚೆಯೇ ಮೆತ್ತಗಾಗಿರುತ್ತದೆ. ಬೆನ್ನಿಗೆ ಹಾಕಿಕೊಳ್ಳುವ, ಮುಂದೆ ಗಾಜಿನ ಗುಳ್ಳೆ ಇರುವ ಚೀಲ ಈಗ ಫ್ಯಾಶನ್ ಆಗಿದೆ. ಅಡಗಬೇಕು ಅನ್ನುವ ಪ್ರಾಣಿಯನ್ನು ಪ್ರದರ್ಶನಕ್ಕೆ ಇಟ್ಟ ಹಾಗೆ ಅದು, ಒಳಗೆ ಸೆಕೆಯೂ ಜಾಸ್ತಿ. ಗಟ್ಟಿ ಪ್ಲಾಸ್ಟಿಕ್ಕಿನ, ಮೇಲಿನ ಅರ್ಧ ಕ್ಲಿಪ್ ಬಿಚ್ಚಿ ಎತ್ತಬಹುದಾದ ಕ್ಯಾರಿಯರ್ ತನ್ನಿ. ಮೊಳದುದ್ದ ಇದ್ದರೆ ಬೆಕ್ಕು ದೊಡ್ಡದಾದ ಮೇಲೂ ನಡೆಯುತ್ತದೆ. ಜಿಪ್ಪಿನ ಬಟ್ಟೆ ಚೀಲವೇ ಇದ್ದರೆ ಎರಡು ಜಿಪ್ಪಿನ ತುದಿಗಳನ್ನು ಸೇರಿಸಿ ಪಿನ್ನು ಹಾಕಿ. ಮರಿಯ ಮೂಗು ಹಿಡಿಯುವಷ್ಟು ಸಂದಿ ಸಿಕ್ಕರೆ ಸಾಕು, ತಲೆ ತೂರಿಸಿ ಪೂರ್ತಿ ಬಿಚ್ಚಿಕೊಂಡು ಹೊರಗೆ ಬರುತ್ತದೆ.

ತಂದ ಬುಟ್ಟಿಯನ್ನು ಅಟ್ಟಕ್ಕೆ ಹಾಕಬೇಡಿ. ಮರಿ ಇರುವ ಕೋಣೆಯ ಮೂಲೆಯಲ್ಲಿ, ಬಾಗಿಲು ತೆಗೆದು, ಕನಿಷ್ಠ ನಾಲ್ಕೈದು ದಿನ ಇಡಿ. ಊಟದ ತಟ್ಟೆ ಮೊದಲ ದಿನ ಬುಟ್ಟಿಯ ಬಾಯಿಗೆ, ಮರುದಿನ ಒಂದು ಗೇಣು ಒಳಗೆ, ಆಮೇಲೆ ಹಿಂದಿನ ಗೋಡೆಗೆ. ಒಳಗೆ ಹೋಗಿ ತಿನ್ನುವಾಗ ಬಾಗಿಲು ಹಾಕುವ ಚಪಲ ಬೇಡ. ಒಂದು ಸಲ ಹಾಗೆ ಮಾಡಿದರೆ ನಾಲ್ಕು ದಿನದ ಕೆಲಸ ಹಾಳು.

ಈಗ ಸೀರೆಯ ತುಂಡಿನ ಮಾತು. ಇದನ್ನು ಅಸಡ್ಡೆ ಮಾಡಬೇಡಿ, ಉಳಿದದ್ದೆಲ್ಲ ಹೆಚ್ಚುಕಡಿಮೆ ಆದರೂ ಇದೊಂದು ಸರಿಯಿದ್ದರೆ ಮರಿ ತಡೆದುಕೊಳ್ಳುತ್ತದೆ. ಹತ್ತಾರು ವರ್ಷ ಒಗೆದು ಮೆತ್ತಗಾದ ನೂಲಿನ ಸೀರೆ ಬೇಕು. ಪಾಲಿಯೆಸ್ಟರ್ ಬೇಡ, ಅದು ಜಾರುತ್ತದೆ, ಉಚ್ಚೆ ಹೀರುವುದಿಲ್ಲ. ಜರಿ ಅಂಚು ಇದ್ದರೆ ಬಿಡಿಸಿಬಿಡಿ. ಒಂದೂವರೆ ಗಜದ ಎರಡು ತುಂಡು, ಕರವಸ್ತ್ರದಷ್ಟರ ಒಂದು ತುಂಡು ತೆಗೆದು, ಮೂರಕ್ಕೂ ಅಂಚು ಮಡಚಿ ಹೊಲಿಯಿರಿ. ಹರಿದು ಹಾಗೇ ಬಿಟ್ಟರೆ ದಾರ ಬಿಚ್ಚಿಕೊಳ್ಳುತ್ತದೆ. ಬೆಕ್ಕಿನ ನಾಲಿಗೆಯ ಮುಳ್ಳು ಗಂಟಲ ಕಡೆಗೆ ಬಾಗಿರುವುದರಿಂದ ಬಾಯಿಗೆ ಹೋದ ದಾರವನ್ನು ಅದಕ್ಕೆ ಉಗುಳಲು ಬರುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ಕರುಳಿನಲ್ಲಿ ದಾರ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುವುದು ಕಂಡರೆ ಎಳೆಯಬೇಡಿ, ಡಾಕ್ಟರ ಹತ್ತಿರ ಓಡಿ.

ಬಟ್ಟೆಗಳನ್ನು ಬರೀ ಬಿಸಿನೀರಿನಲ್ಲಿ ಒಗೆಯಿರಿ. ಘಮಘಮ ಅನ್ನುವ ಕಂಫರ್ಟ್ ಪಂಫರ್ಟ್ ಏನೂ ಬೇಡ. ಬಿಸಿಲಿಗೆ ಒಣಗಿಸಿ. ಮಳೆಗಾಲವಾದರೆ ಒಲೆಯ ಮೇಲಿನ ಹಗ್ಗಕ್ಕೆ ಹಾಕದೆ ಒಳಕೋಣೆಯಲ್ಲಿ ಫ್ಯಾನ್ ಕೆಳಗೆ ಒಣಗಿಸಿ, ಹೊಗೆಯ ವಾಸನೆ ಮರಿಗೆ ಆಗುವುದಿಲ್ಲ. ಹಾಗೆಯೇ ಮಳೆಗಾಲದಲ್ಲಿ ಬೀರುವಿಗೆ ಬೂಸ್ಟು ಬರುತ್ತದೆ ಅಂತ ನುಸಿಗುಳಿಗೆ ಎಸೆಯುವ ಅಭ್ಯಾಸ ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ. ಬೆಕ್ಕು ಇರುವ ಮನೆಯಲ್ಲಿ ಅದನ್ನು ಇಂದೇ ತೆಗೆಯಿರಿ, ಅದು ಅವಕ್ಕೆ ವಿಷ. ಇದ್ದಿಲಿನ ನಾಲ್ಕು ತುಂಡನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಪ್ರತಿ ಅರೆಗೂ ಇಡಿ, ತೇವ ಎಳೆಯುತ್ತದೆ. ಬಿಸಿಲು ಕಂಡ ದಿನ ಬೀರು ತೆರೆದಿಟ್ಟು ಆ ಗಂಟನ್ನೂ ಒಣಗಿಸಿ.

ದೊಡ್ಡ ತುಂಡು ಒಂದನ್ನು ನಾಲ್ಕು ಮಡಿಕೆ ಮಾಡಿ ಮರಿ ಮಲಗುವಲ್ಲಿ ಹಾಸಿ. ಮೂರು ರಾತ್ರಿ ಅದು ಅದರ ಮೇಲೆ ಮಲಗಲಿ, ಕೂದಲು ಅಂಟಲಿ, ಕೊಡವಬೇಡಿ. ಸಣ್ಣ ತುಂಡನ್ನು ಎರಡು ಬೆರಳಿಗೆ ಸುತ್ತಿಕೊಂಡು, ಮರಿ ಉಂಡು ಅರೆನಿದ್ದೆಯಲ್ಲಿ ಇರುವಾಗ, ಅದರ ಬಾಯಿಯ ಮೂಲೆಯಿಂದ ಕಿವಿಯ ಬುಡದವರೆಗೆ ನಿಧಾನ ಉಜ್ಜಿ. ಮೀಸೆಯ ಹಿಂದೆ ಬೆರಳು ತಾಕಿದ ಕೂಡಲೇ ಅದು ಕಣ್ಣು ಸಣ್ಣ ಮಾಡಿ ಕೆನ್ನೆಯನ್ನು ತಾನೇ ಒತ್ತಿ ಕೊಡುತ್ತದೆ. ಆ ಜಾಗದಲ್ಲಿ ಗ್ರಂಥಿ ಇದೆ. ಬೆಕ್ಕು ಕಂಬಕ್ಕೆ, ಕಾಲಿಗೆ ಮುಖ ಉಜ್ಜುವುದು ಆ ವಾಸನೆ ಹಚ್ಚಿ "ಇದು ನನ್ನದು" ಅಂತ ಗುರುತು ಮಾಡಲು. ನಮ್ಮ ಮೂಗಿಗೆ ಏನೂ ಬಡಿಯುವುದಿಲ್ಲ. ಕೆನ್ನೆಗೆ ಉಜ್ಜಿದ ತುಂಡನ್ನು ತಕ್ಷಣ ಬುಟ್ಟಿಯ ಒಳಗೆ ನಾಲ್ಕೂ ಮೂಲೆಗೆ, ಬಾಗಿಲಿನ ಸರಳಿಗೆ, ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ ಉಜ್ಜಿ. ಮರಿಯ ಮೂಗು ಇರುವುದು ಅಲ್ಲಿ, ಮೇಲ್ಚಾವಣಿಗೆ ಉಜ್ಜಿ ಪ್ರಯೋಜನವಿಲ್ಲ. ದಿನಕ್ಕೆ ಎರಡು ಸಲ, ಹೊರಡುವ ದಿನದವರೆಗೆ. ಮುಖ ತಿರುಗಿಸಿದರೆ ಬಿಟ್ಟುಬಿಡಿ, ಸಂಜೆ ನೋಡಿದರಾಯಿತು.

ಹೊರಡುವ ದಿನ ಬುಟ್ಟಿಯ ಅಡಿಗೆ ಮೊದಲು ಚೊಕ್ಕ ಗೋಣಿಯ ತುಂಡು. ಪ್ಲಾಸ್ಟಿಕ್ ತಳದಲ್ಲಿ ಮರಿಯ ಕಾಲು ಜಾರುತ್ತದೆ, ತಿರುವು ತಿರುವಿಗೂ ಒಂದು ಗೋಡೆಯಿಂದ ಇನ್ನೊಂದಕ್ಕೆ ಬಡಿಯುತ್ತದೆ. ಗೋಣಿ ಇದ್ದರೆ ಉಗುರು ಊರಿ ಕೂರುತ್ತದೆ. ಕಾಫಿಗೆ ಔಷಧಿ ಹೊಡೆಯುವಾಗ ಬಳಸಿದ ಗೋಣಿ ಖಂಡಿತ ಬೇಡ. ಅದರ ಮೇಲೆ ನಾಲ್ಕೈದು ಪದರ ಪೇಪರ್, ಅದರ ಮೇಲೆ ಮರಿ ಮಲಗಿದ್ದ ಅದೇ ಸೀರೆ ತುಂಡು, ಮಲಗಿದ ಮಗ್ಗುಲು ಮೇಲಾಗಿ. ಹಿಂಬದಿಯ ಅಂಚನ್ನು ಒಂದು ಗೇಣು ಸಡಿಲ ಬಿಡಿ, ಹೆದರಿಕೆ ಆದಾಗ ಅದರಡಿ ತಲೆ ತೂರಿಸಿಕೊಳ್ಳಲಿ. "ಕೊಳೆಯಾಗಿದೆ, ಡಾಕ್ಟರ್ ಏನೆಂದಾರು" ಅಂತ ಕೊನೇ ಗಳಿಗೆಯಲ್ಲಿ ಒಗೆದ ಬಟ್ಟೆ ಹಾಕುವವರಿದ್ದಾರೆ. ಮೂರು ದಿನ ಕಾದದ್ದು ಆ ಕೊಳೆಗೇ. ಎರಡನೇ ದೊಡ್ಡ ತುಂಡನ್ನು ಬುಟ್ಟಿಯ ಮೇಲೆ ಹೊದಿಸಿ, ಒಂದು ಪಕ್ಕ ಗಾಳಿಗೆ ಬಿಡಿ. ಮಳೆಯಿದ್ದರೆ ಅದರ ಮೇಲೆ ಪ್ಲಾಸ್ಟಿಕ್, ಅದೂ ಒಂದು ಪಕ್ಕ ತೆರೆದೇ.

ಹೊರಡುವ ಮುನ್ನಾದಿನ ಆಸ್ಪತ್ರೆಗೆ ಫೋನ್ ಮಾಡಿ. ನಮ್ಮ ಕಡೆಯ ಪಶು ಆಸ್ಪತ್ರೆಗಳಲ್ಲಿ ದನ, ಹಂದಿ, ನಾಯಿಯದೇ ಹೆಚ್ಚು ಕೆಲಸ, ಬೆಕ್ಕಿನ ಲಸಿಕೆ ಯಾವಾಗಲೂ ಇರುತ್ತದೆ ಅನ್ನುವಂತಿಲ್ಲ. ಲಸಿಕೆ ಇದೆಯೇ, ನಾಯಿಗಳು ಕಡಿಮೆ ಇರುವ ಹೊತ್ತು ಯಾವುದು, ಎರಡನ್ನೂ ಕೇಳಿ. ಕೇಳದೆ ನಾಪೋಕ್ಲಿನಿಂದ ಮಡಿಕೇರಿಗೆ ಹೋಗಿ ಬರಿಗೈಲಿ ವಾಪಸು ಬರುವುದು ಮರಿಗೆ ಎರಡು ಪಟ್ಟು ಹಿಂಸೆ. ಮೆಡಿಕಲ್ಲಿನಿಂದ ಲಸಿಕೆ ತರಲು ಹೇಳಿದರೆ ಐಸ್ ಇಟ್ಟ ಡಬ್ಬಿ ಒಯ್ಯಿರಿ, ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದರೂ ಕೆಡುತ್ತದೆ, ನಡುವೆ ಬಟ್ಟೆ ಇಡಿ.

ಊಟ ಹೊರಡುವ ಮೂರು ಗಂಟೆ ಮುಂಚೆ, ಸ್ವಲ್ಪವೇ. ನಮ್ಮ ಘಾಟಿ ತಿರುವಿನಲ್ಲಿ ಹೊಟ್ಟೆ ತುಂಬಿದ ಮರಿ ವಾಂತಿ ಮಾಡುತ್ತದೆ. ಹಾಗಂತ ರಾತ್ರಿಯಿಂದ ಉಪವಾಸ ಹಾಕಬೇಡಿ, ಎರಡು ತಿಂಗಳ ಮರಿಗೆ ರಕ್ತದ ಸಕ್ಕರೆ ಇಳಿದು ಸುಸ್ತಾಗಿ ಬೀಳುತ್ತದೆ. ಉಪ್ಪು ಖಾರ ಇಲ್ಲದ ಬೇಯಿಸಿದ ಕೋಳಿ ಎರಡು ಎಳೆ ಡಬ್ಬಿಯಲ್ಲಿ ಇರಲಿ. ಬೆಳಗಿನ ಹೊಸ ಕಕ್ಕವನ್ನು ಹೆಬ್ಬೆರಳ ತುದಿಯಷ್ಟು ತೆಗೆದು ಮುಚ್ಚಳದ ಸಣ್ಣ ಬಾಟಲಿಗೆ ಹಾಕಿಕೊಳ್ಳಿ, ಯಾವ ಹುಳು ಅಂತ ಅದರಲ್ಲೇ ತಿಳಿಯುತ್ತದೆ.

ಹಿಡಿಯುವ ಗಡಿಬಿಡಿಯೇ ಬರದ ಹಾಗೆ ಹೊರಡುವ ಅರ್ಧ ಗಂಟೆ ಮುಂಚೆ ಕೋಣೆಯ ಬಾಗಿಲು ಹಾಕಿ, ಮಂಚದಡಿಗೆ ದಿಂಬು ತುಂಬಿ. ತಾನೇ ಬುಟ್ಟಿಗೆ ಹೋಯಿತೋ ಸರಿ. ಇಲ್ಲದಿದ್ದರೆ ಬುಟ್ಟಿಯನ್ನು ಬಾಯಿ ಮೇಲಾಗಿ ನೆಟ್ಟಗೆ ನಿಲ್ಲಿಸಿ, ಮರಿಯನ್ನು ಇನ್ನೊಂದು ಬಟ್ಟೆಯಲ್ಲಿ ಸುತ್ತಿ ಎತ್ತಿ, ಹಿಂಗಾಲು ಮೊದಲು ಇಳಿಸಿ. ತಲೆ ಮೊದಲು ತಳ್ಳಿದರೆ ನಾಲ್ಕು ಕಾಲನ್ನೂ ಬಾಗಿಲಿಗೆ ಅಡ್ಡ ಕೊಡುತ್ತದೆ. ಕಾರು ಜೀಪಿನಲ್ಲಿ ಮುಂದಿನ ಸೀಟಿನ ಹಿಂದೆ, ನೆಲದಲ್ಲಿ ಇಡಿ, ಅಲುಗಾಟ ಅಲ್ಲಿ ಕಡಿಮೆ. ಆಟೋ ಬಸ್ಸಿನಲ್ಲಿ ತೊಡೆಯ ಮೇಲೆ, ಎರಡೂ ಕೈ ಬುಟ್ಟಿಯ ಅಡಿಗೆ ಕೊಟ್ಟು. ಹಿಡಿ ಹಿಡಿದು ತೂಗಾಡಿಸಿಕೊಂಡು ನಡೆಯುವವರನ್ನು ಕಂಡರೆ ಸಿಟ್ಟು ಬರುತ್ತದೆ. ದಾರಿಯಲ್ಲಿ ಅತ್ತರೂ ಬಾಗಿಲು ತೆಗೆದು ಸಮಾಧಾನ ಮಾಡಲು ಹೋಗಬೇಡಿ. ಆಸ್ಪತ್ರೆಯಲ್ಲಿ ಬುಟ್ಟಿಯನ್ನು ನೆಲದ ಮೇಲೆ, ನಾಯಿಯ ಮೂಗಿಗೆ ಸಮನಾಗಿ ಇಡಬೇಡಿ. ಬೆಂಚಿನ ಮೇಲಿಟ್ಟು ಬಾಯಿಯನ್ನು ನಿಮ್ಮ ಕಡೆಗೆ ತಿರುಗಿಸಿ, ಅಥವಾ ಸರದಿ ಬರುವವರೆಗೆ ಗಾಡಿಯಲ್ಲೇ ಕೂರಿ.

ಒಳಗೆ ಹೋದ ಮೇಲೆ ಮರಿಯನ್ನು ಎಳೆಯದೆ ಬುಟ್ಟಿಯ ಮೇಲರ್ಧ ಬಿಚ್ಚಿ. ಕೆಳಗಿನ ಅರ್ಧದಲ್ಲಿ, ತನ್ನ ಬಟ್ಟೆಯ ಮೇಲೇ ಅದು ಕೂತಿರಲಿ. ಡಾಕ್ಟರು ಅಲ್ಲೇ ಎದೆ ಕೇಳಬಹುದು, ಹೊಟ್ಟೆ ಮುಟ್ಟಬಹುದು, ಇಂಜೆಕ್ಷನ್ ಕೊಡಬಹುದು. ಕಿವಿಯಲ್ಲಿ ಕಾಫಿ ಚರಟದಂಥ ಕಪ್ಪು ಕೊಳೆ ಇದ್ದರೆ ತೋರಿಸಿ, ಅದು ಸಾಮಾನ್ಯವಾಗಿ ಕಿವಿಹುಳು. ಮೈಯಲ್ಲಿ ಕಪ್ಪು ಪುಡಿ ಕಂಡರೆ ಮನೆಯಲ್ಲೇ ಪರೀಕ್ಷೆ ಮಾಡಿ. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಉದುರಿದ್ದನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿ. ಮಣ್ಣಾದರೆ ಕಂದಾಗಿಯೇ ಇರುತ್ತದೆ. ಚಿಗಟದ ಕಕ್ಕವಾದರೆ ಪ್ರತಿ ಕಣದ ಸುತ್ತ ತುಕ್ಕುಗೆಂಪು ಹರಡುತ್ತದೆ, ಅದು ಮರಿಯದೇ ರಕ್ತ. ಒಸಡೂ ಬಿಳಿಚಿದ್ದರೆ ನಾಳೆ ಅನ್ನಬೇಡಿ, ಚಿಗಟವೇ ಸಣ್ಣ ಮರಿಯನ್ನು ಕೊಲ್ಲಬಲ್ಲದು. ನಾಯಿಯ ಚಿಗಟದ ಔಷಧಿ ಹಚ್ಚಿ ಮರಿ ಕಳೆದುಕೊಂಡವರು ಬೇಕಾದಷ್ಟು ಜನ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಫಿಟ್ಸ್ ಬರುತ್ತದೆ. ಜ್ವರ ಅಂತ ಪ್ಯಾರಾಸಿಟಮಾಲ್ ಚೂರೂ ಕೊಡಬೇಡಿ, ಅರ್ಧ ಮಾತ್ರೆ ಸಾಕು ಸಾಯಲು.

ಲಸಿಕೆ ಎಂಟು ವಾರದ ಸುಮಾರಿಗೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ. ರೇಬೀಸಿನದು ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಬರೆದ ತಾರೀಖಿಗೆ ತಪ್ಪದೆ. ಒಂದೇ ಇಂಜೆಕ್ಷನ್ನಿಗೆ ಮುಗಿಯಿತು ಅಂದುಕೊಂಡು ಮರಿಯನ್ನು ತೋಟಕ್ಕೆ ಬಿಡಬೇಡಿ. ತಾಯಿಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿ ಉಳಿದಿರುವಾಗ ಮೊದಲ ಲಸಿಕೆ ಪೂರ್ತಿ ಹಿಡಿಯದೆ ಹೋಗಬಹುದು, ಅದಕ್ಕೇ ಮತ್ತೆ ಮತ್ತೆ ಕೊಡುವುದು. ಜಂತಿನ ಔಷಧಿ ತೂಕದ ಲೆಕ್ಕ, ಪಕ್ಕದ ಮನೆಯ ಬೆಕ್ಕಿನ ಅಳತೆ ನಿಮ್ಮದಕ್ಕೆ ಆಗದು. ಹೆಣ್ಣು ಮರಿಯಾದರೆ ಸಂತಾನಹರಣ ಯಾವಾಗ ಅಂತ ಅವತ್ತೇ ಕೇಳಿ. ನಾಲ್ಕೈದು ತಿಂಗಳಿಗೇ ಗರ್ಭ ನಿಲ್ಲಬಹುದು, ಇನ್ನೂ ಮಗು ಅಂತ ಕೂತರೆ ಮನೆ ತುಂಬ ಮರಿ. ಗಡಿಬಿಡಿಯಲ್ಲಿ ಯಾರಿಗಾದರೂ ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಮೈ ತಣ್ಣಗಿದ್ದು ಏಳದಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಒಂದು ಹಗಲು ಏನೂ ಮುಟ್ಟದಿದ್ದರೆ, ವಾಂತಿ ಭೇದಿ ಒಟ್ಟಿಗೆ ಹಿಡಿದಿದ್ದರೆ ಬುಟ್ಟಿಯ ಅಭ್ಯಾಸಕ್ಕೆ ಕಾಯಬೇಡಿ. ಬಟ್ಟೆಯಲ್ಲಿ ಸುತ್ತಿ ಹೊರಡಿ.

ಮನೆಗೆ ಬಂದ ಮೇಲೆ ಬುಟ್ಟಿಯನ್ನು ಅದೇ ಕೋಣೆಯ ಅದೇ ಮೂಲೆಯಲ್ಲಿಟ್ಟು ಬಾಗಿಲು ತೆಗೆದು ನೀವು ಹೊರಗೆ ಬನ್ನಿ. ಒಂದು ದಿನ ಮಂಕಾಗಿ ಮಲಗುವುದು, ಚುಚ್ಚಿದಲ್ಲಿ ಸಣ್ಣ ಗಂಟು, ಇವಕ್ಕೆ ಗಾಬರಿ ಬೇಡ. ಮುಖ ಊದಿದರೆ, ಉಸಿರು ಕಟ್ಟಿದರೆ ಅದೇ ಕ್ಷಣ ವಾಪಸು ಒಯ್ಯಿರಿ. ಮನೆಯಲ್ಲಿ ಹಳೇ ಬೆಕ್ಕಿದ್ದರೆ ಆಸ್ಪತ್ರೆಯ ವಾಸನೆಗೆ ಬುಸುಗುಡುತ್ತದೆ, ಮರಿಯ ಮೈಯನ್ನು ಕೆನ್ನೆ ಉಜ್ಜಿದ ಆ ಸಣ್ಣ ತುಂಡಿನಲ್ಲೇ ಒರೆಸಿ, ಒಂದು ರಾತ್ರಿ ಬೇರೆ ಇಡಿ. ಬುಟ್ಟಿಯನ್ನು ಫಿನೈಲಿನಲ್ಲಿ ತೊಳೆಯಬೇಡಿ, ಅದೂ ಬೆಕ್ಕಿಗೆ ವಿಷವೇ. ಉಚ್ಚೆ ಬಿದ್ದಿದ್ದರೆ ಗೋಣಿ, ಪೇಪರ್ ಬದಲಾಯಿಸಿ, ತಳವನ್ನು ಸೋಪಿನ ನೀರಿನಲ್ಲಿ ತೊಳೆದು ಒರೆಸಿ. ಸೀರೆ ತುಂಡು ಒಣಗಿದ್ದರೆ ಹಾಗೇ ವಾಪಸು ಹಾಸಿ, ಸಂಜೆಯ ಊಟ ಅದರ ಮೇಲೇ ಇಡಿ. ಮುಂದಿನ ಇಂಜೆಕ್ಷನ್ನಿಗೆ ಇನ್ನು ಮೂರೇ ವಾರ.