ನಿಂಬೆ ಉಪ್ಪಿನ ಬೂಷ್ಟಿಗೆ ಯುವಿ ಕಿರಣ: ಹೆಚ್ಚು ಆಮ್ಲ ಕೊಡುವ ತಳಿ ಹೆಕ್ಕುವ ಬಗೆ

ಈರುಳ್ಳಿ ಸಿಪ್ಪೆಗೆ ಮಸಿ ಬಳಿದಂತೆ ಹತ್ತುವ ಕಪ್ಪು ಬೂಷ್ಟಿನ ಬಳಗದ್ದೇ ಆಸ್ಪರ್ಜಿಲಸ್ ನೈಜರ್. ಕಾರ್ಖಾನೆಗಳಲ್ಲಿ ಸಕ್ಕರೆಯಿಂದ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಮಾಡುವುದು ಇದೇ. ಯುವಿ (ಅತಿನೇರಳೆ) ಕಿರಣ ತಾಗಿದರೆ ಇದರ ಡಿಎನ್‌ಎ ಅಲ್ಲಲ್ಲಿ ಬದಲಾಗುತ್ತದೆ, ಬದಲಾದವುಗಳಲ್ಲಿ ಕೆಲವು ಹೆಚ್ಚು ಆಮ್ಲ ಕೊಡಬಹುದು. ಕಿರಣ ತಾಗಿಸುವುದು ಒಂದು ಮಧ್ಯಾಹ್ನದ ಕೆಲಸ. ಬದುಕುಳಿದವುಗಳಲ್ಲಿ ಒಳ್ಳೆಯದನ್ನು ಹೆಕ್ಕಲು ತಿಂಗಳುಗಳೇ ಬೇಕು.

ಆಲೂಗಡ್ಡೆ ಅಗಾರ್ (ಜೆಲ್ಲಿಯಂತೆ ಗಟ್ಟಿಯಾದ ಆಹಾರ) ಮೇಲೆ 30 ಡಿಗ್ರಿಯಲ್ಲಿ 5–7 ದಿನ ಬೆಳೆಸಿ. ಬೀಜಕಗಳು (ಬೂಷ್ಟಿನ ಬೀಜದಂಥ ಕಣಗಳು) ನೀರಿಗೆ ಅಂಟುವುದಿಲ್ಲ, 0.1% ಟ್ವೀನ್ 80 (ಸೋಪಿನಂತೆ ಕೆಲಸ ಮಾಡುವ ದ್ರವ) ಬೆರೆಸಿದ ನೀರಿನಲ್ಲೇ ಕೆರೆದು ತೆಗೆಯಿರಿ. ಗಾಜಿನ ಮಣಿ ಹಾಕಿ ಕುಲುಕಿ, ಹತ್ತಿಯಲ್ಲಿ ಸೋಸಿ. ಗಂಟುಗಳು ಉಳಿದರೆ ಒಳಗಿನ ಬೀಜಕಗಳಿಗೆ ಕಿರಣ ತಾಗದು. ಮಿ.ಲೀ.ಗೆ 10 ಲಕ್ಷ ಬೀಜಕ ಸಾಕು. ದಟ್ಟವಾದರೆ ಕಪ್ಪು ಬಣ್ಣವೇ ಕಿರಣ ಹೀರಿಬಿಡುತ್ತದೆ.

254 ನ್ಯಾನೋಮೀಟರ್ ದೀಪವನ್ನು 20 ನಿಮಿಷ ಮೊದಲೇ ಹಚ್ಚಿಡಿ. 9 ಸೆಂ.ಮೀ. ಪೆಟ್ರಿ ತಟ್ಟೆಯಲ್ಲಿ 10 ಮಿ.ಲೀ. ಹಾಕಿ, 20 ಸೆಂ.ಮೀ. ಕೆಳಗಿಟ್ಟು, ಕಲಕುತ್ತಿರಿ. ಮುಚ್ಚಳ ತೆಗೆಯಲೇಬೇಕು, ಮಾಮೂಲಿ ಗಾಜು ಈ ಕಿರಣವನ್ನು ತಡೆಯುತ್ತದೆ. ನಿಮ್ಮ ಕಣ್ಣು, ಚರ್ಮಕ್ಕೂ ಮರೆ ಇರಲಿ. 0, 5, 10, 20, 30, 45 ನಿಮಿಷಕ್ಕೆ ಮಾದರಿ ತೆಗೆದು, ತೆಳುಗೊಳಿಸಿ, ಅಗಾರ್ ತಟ್ಟೆಗಳ ಮೇಲೆ ಹರಡಿ, ಕಾಲೊನಿ (ಬದುಕುಳಿದ ಒಂದೊಂದು ಬೀಜಕದಿಂದ ಬೆಳೆದ ಮಚ್ಚೆ) ಎಣಿಸಿ. ಬೇರೆಯವರ ನಿಮಿಷಗಳನ್ನು ನಂಬಬೇಡಿ, ದೀಪ ಹಳೆಯದಾದಂತೆ ಲೆಕ್ಕ ಬದಲಾಗುತ್ತದೆ. 90–99% ಸಾಯುವ ಅವಧಿಯನ್ನು ಆರಿಸಿ. ಅದಕ್ಕೂ ಮೀರಿದರೆ ಉಳಿದವು ಹಲವು ಪೆಟ್ಟು ತಿಂದು ಸೊರಗಿರುತ್ತವೆ. ಮುಂದಿನದೆಲ್ಲ ಕೆಂಪು ಬೆಳಕಿನಲ್ಲಿ. ತಟ್ಟೆಗಳು ಒಂದು ದಿನ ಕತ್ತಲಲ್ಲಿರಲಿ. ಮಾಮೂಲಿ ಬೆಳಕು ಬಿದ್ದರೆ ಜೀವಕೋಶ ತನ್ನ ಡಿಎನ್‌ಎ ಗಾಯವನ್ನು ರಿಪೇರಿ ಮಾಡಿಕೊಂಡುಬಿಡುತ್ತದೆ.

ಮೊದಲ ಜರಡಿ ಬ್ರೋಮೋಕ್ರೆಸಾಲ್ ಗ್ರೀನ್ (ಆಮ್ಲ ತಾಗಿದರೆ ಬಣ್ಣ ಬದಲಿಸುವ ರಂಗು) ಬೆರೆಸಿದ ಅಗಾರ್. ಆಮ್ಲ ಬಿಟ್ಟ ಕಾಲೊನಿಯ ಸುತ್ತ ನೀಲಿ ಹೋಗಿ ಹಳದಿ ಉಂಗುರ ಮೂಡುತ್ತದೆ. ಉಂಗುರದ ವ್ಯಾಸವನ್ನು ಕಾಲೊನಿಯ ವ್ಯಾಸದಿಂದ ಭಾಗಿಸಿ ನೋಡಿ. ಬರೀ ದೊಡ್ಡ ಉಂಗುರಕ್ಕೆ ಮರುಳಾಗಬೇಡಿ. ಆಕ್ಸಾಲಿಕ್, ಗ್ಲುಕೋನಿಕ್ ಆಮ್ಲಗಳೂ ಹಳದಿಯನ್ನೇ ತೋರಿಸುತ್ತವೆ.

ನಿಜವಾದ ಪರೀಕ್ಷೆ ಫ್ಲಾಸ್ಕಿನಲ್ಲಿ. ಲೀಟರಿಗೆ ಸಕ್ಕರೆ 140 ಗ್ರಾಂ, ಅಮೋನಿಯಂ ನೈಟ್ರೇಟ್ 2.5, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 1, ಮೆಗ್ನೀಸಿಯಂ ಸಲ್ಫೇಟ್ 0.25, 30 ಡಿಗ್ರಿ, ನಿಮಿಷಕ್ಕೆ 200 ಸುತ್ತು (ಆರ್‌ಪಿಎಂ) ಕುಲುಕುತ್ತ, 7–8 ದಿನ. ಕಿರಣ ತಾಗದ ಮೂಲ ತಳಿಯೂ ಅದೇ ಬ್ಯಾಚಿನಲ್ಲಿ, ತಲಾ ಮೂರು ಫ್ಲಾಸ್ಕ್. ಇಲ್ಲಿ ಕೆಲಸ ಕೆಡಿಸುವುದು ಮ್ಯಾಂಗನೀಸ್. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಸೇರಿದರೂ ಬೂಷ್ಟು ಬಿಗಿಯಾದ ಪುಟ್ಟ ಉಂಡೆಗಳ ಬದಲು ಎಳೆ ಬಿಟ್ಟು ಗಂಜಿಯಂತಾಗುತ್ತದೆ, ಆಮ್ಲ ಕುಸಿಯುತ್ತದೆ. ನಲ್ಲಿ ನೀರು ಬೇಡ. ಗಾಜನ್ನು ಆಮ್ಲದಲ್ಲಿ ತೊಳೆಯಿರಿ.

ಆಮ್ಲ ಅಳೆಯಲು ಟೈಟ್ರೇಷನ್, ಅಂದರೆ ಆಮ್ಲ ತಟಸ್ಥವಾಗುವವರೆಗೆ ಕ್ಷಾರ ಹನಿಸಿ ನೋಡುವುದು. 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 1 ಮಿ.ಲೀ. ಹಿಡಿದರೆ 6.4 ಮಿ.ಗ್ರಾಂ ಸಿಟ್ರಿಕ್ ಆಮ್ಲ. ಆದರೆ ಟೈಟ್ರೇಷನ್ ಲೆಕ್ಕ ಹಾಕುವುದು ಎಲ್ಲ ಆಮ್ಲವನ್ನೂ. ಕೊನೆಯ ನಾಲ್ಕೈದು ತಳಿಗಳನ್ನಾದರೂ ಎಚ್‌ಪಿಎಲ್‌ಸಿಯಲ್ಲಿ (ಒಂದೊಂದು ಆಮ್ಲವನ್ನೂ ಬೇರ್ಪಡಿಸಿ ಅಳೆಯುವ ಯಂತ್ರ) ನೋಡಿ. ಗೆದ್ದದ್ದನ್ನು ಒಂಟಿ ಬೀಜಕದಿಂದ ಬೇರ್ಪಡಿಸಿ, ಐದು ಸಲ ಮರುಬಿತ್ತಿ, ಮತ್ತೆ ಫ್ಲಾಸ್ಕಿಗೆ ಹಾಕಿ. ಇಳುವರಿ ಇಳಿಯದಿದ್ದರೆ ಮಾತ್ರ ಗ್ಲಿಸರಾಲ್‌ನಲ್ಲಿ ಮೈನಸ್ 80ಕ್ಕೆ ಇಡಿ.