ನಿಮ್ಮ ಪ್ರಬಂಧ ಎಷ್ಟು ಸಲ ಡೌನ್‌ಲೋಡ್ ಆಯಿತು? ಲೆಕ್ಕ ಇಡುವುದು ಹೀಗೆ

ಬಡ್ತಿಯ ಅರ್ಜಿ ತುಂಬುವ ಕಾಲ ಬಂತೆಂದರೆ ಅರ್ಥಶಾಸ್ತ್ರ ವಿಭಾಗಗಳಲ್ಲಿ ಒಂದು ಕೂಡುಲೆಕ್ಕ ಶುರುವಾಗುತ್ತದೆ. ಪ್ರಬಂಧ ಏರಿಸಿಡುವ ತಾಣವಾದ ಎಸ್‌ಎಸ್‌ಆರ್‌ಎನ್‌ನ ಡೌನ್‌ಲೋಡು, ಸಂಶೋಧಕರ ಜಾಲತಾಣ ರಿಸರ್ಚ್‌ಗೇಟ್‌ನ ‘ರೀಡ್ಸ್’, ಪ್ರಬಂಧ ಹುಡುಕುವ ತಾಣವಾದ ಐಡಿಯಾಸ್ ಪುಟದ ವೀಕ್ಷಣೆ ಎಲ್ಲವನ್ನೂ ಒಟ್ಟುಹಾಕಿ ‘ಓದುಗರು ಇಷ್ಟು’ ಎಂದು ಬರೆದುಬಿಡುತ್ತಾರೆ. ಸೇರು, ಮೊಳ, ಡಜನ್ನುಗಳನ್ನು ಕೂಡಿದ ಹಾಗೆ ಅದು. ಒಂದು ಮುಖ್ಯ ಲೆಕ್ಕ ಹಿಡಿಯಿರಿ, ಉಳಿದವು ಪಕ್ಕದಲ್ಲಿ ಬೇರೆ ಬೇರೆಯಾಗಿಯೇ ಇರಲಿ.

ಅರ್ಥಶಾಸ್ತ್ರದವರಿಗೆ ಆ ಮುಖ್ಯ ಲೆಕ್ಕ ರೆಪೆಕ್‌ನದ್ದಾಗಿರಬೇಕು. 1997ರಲ್ಲಿ ಶುರುವಾದ, ಸ್ವಯಂಸೇವಕರು ನಡೆಸುವ ಸೂಚಿ ಇದು. ಪ್ರಬಂಧದ ವಿವರ ಮಾತ್ರ ಇಲ್ಲಿರುತ್ತದೆ, ಕಡತ ಪ್ರಕಾಶಕರ ಅಥವಾ ಸಂಸ್ಥೆಯ ಸರ್ವರ್‌ನಲ್ಲೇ ಉಳಿಯುತ್ತದೆ. ಸೂಚಿಯನ್ನು ಓದುಗರಿಗೆ ತೋರಿಸುವ ಎರಡು ದೊಡ್ಡ ತಾಣಗಳು ಐಡಿಯಾಸ್ ಮತ್ತು ಎಕಾನ್‌ಪೇಪರ್ಸ್. ಮೊದಲನೆಯದು ಅಮೆರಿಕದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದೆ, ಎರಡನೆಯದು ಸ್ವೀಡನ್ನಿನ ಓರೆಬ್ರೂ ವಿಶ್ವವಿದ್ಯಾಲಯದಲ್ಲಿ. ಈ ತಾಣಗಳಲ್ಲಿ ಬಿದ್ದ ಕ್ಲಿಕ್ಕುಗಳನ್ನು ಒಟ್ಟುಗೂಡಿಸಿ ಎಣಿಸುವುದು ಲಾಗ್‌ಎಕ್. ಎಲ್ಲವೂ ಉಚಿತ. ‘ನಿಮ್ಮ ಸಂಶೋಧನೆಯ ಗೋಚರತೆ ಹೆಚ್ಚಿಸುತ್ತೇವೆ’ ಎಂದು ಹಣ ಕೇಳುವ ಮಿಂಚಂಚೆಗಳಿಗೆ ಡಿಲೀಟ್ ಬಟನ್ನೇ ಸರಿಯಾದ ಉತ್ತರ.

1. ಪ್ರಬಂಧ ಸೂಚಿಯಲ್ಲಿದೆಯೇ ನೋಡಿ

ಐಡಿಯಾಸ್‌ನಲ್ಲಿ ಶೀರ್ಷಿಕೆ ಹುಡುಕಿ. ಸಿಗದಿದ್ದರೆ, ನಿಮ್ಮ ಸಂಸ್ಥೆಗೆ ರೆಪೆಕ್ ಆರ್ಕೈವ್ (ಸೂಚಿಗೆ ಪ್ರಬಂಧದ ವಿವರ ಒದಗಿಸುವ ಸಂಗ್ರಹ) ಇದೆಯೇ ಎಂದು ಗ್ರಂಥಪಾಲಕರನ್ನು ಕೇಳಿ. ಅದೂ ಇಲ್ಲವಾದರೆ ಮ್ಯೂನಿಕ್ ವಿಶ್ವವಿದ್ಯಾಲಯದ ಗ್ರಂಥಾಲಯ ನಡೆಸುವ ಎಂಪಿಆರ್‌ಎ ಎಂಬ ಸಂಗ್ರಹಕ್ಕೆ ನೀವೇ ಏರಿಸಿ.

2. ಹೆಸರು ನೋಂದಾಯಿಸಿ: ಎಡವುವುದೆಲ್ಲ ಇಲ್ಲೇ

ರೆಪೆಕ್ ಆಥರ್ ಸರ್ವಿಸ್‌ನಲ್ಲಿ ಖಾತೆ ತೆರೆಯುವುದು ಹತ್ತು ನಿಮಿಷದ ಕೆಲಸ. ಸಂಸ್ಥೆ ಬದಲಾದರೂ ಉಳಿಯುವ ಮಿಂಚಂಚೆ ವಿಳಾಸ ಕೊಡಿ. ಮುಂದೆ ಬರುವ ‘ಹೆಸರಿನ ರೂಪಗಳು’ ಎಂಬ ಪುಟವನ್ನು ಮಾತ್ರ ಹಾಗೇ ದಾಟಬೇಡಿ. ಪ್ರಬಂಧದ ಮೇಲೆ ಅಚ್ಚಾದ ಹೆಸರನ್ನು ಈ ಪಟ್ಟಿಯೊಂದಿಗೆ ತಾಳೆ ನೋಡಿಯೇ ‘ಇದು ನಿಮ್ಮದೇ?’ ಎಂದು ವ್ಯವಸ್ಥೆ ಕೇಳುವುದು. ಪಟ್ಟಿಯಲ್ಲಿ ಇಲ್ಲದ ರೂಪದಲ್ಲಿ ಅಚ್ಚಾದ ಪ್ರಬಂಧ ಸೂಚಿಯಲ್ಲಿದ್ದರೂ ನಿಮ್ಮ ಖಾತೆಗೆ ತಾನಾಗಿ ಬರುವುದಿಲ್ಲ.

ಮೊದಲ ಹೆಸರು, ಮನೆತನದ ಹೆಸರು ಎಂಬ ಪಾಶ್ಚಾತ್ಯ ಚೌಕಟ್ಟಿಗೆ ನಮ್ಮ ಕಡೆಯ ಹೆಸರುಗಳು ಹೊಂದುವುದಿಲ್ಲ. ಎಚ್. ಎಂ. ನಾಗರಾಜ ಎಂಬ ಲೇಖಕರಿದ್ದಾರೆ ಎಂದುಕೊಳ್ಳಿ. ಎಚ್ ಎಂದರೆ ಹೊಳಲ್ಕೆರೆ, ಎಂ ಎಂದರೆ ತಂದೆ ಮಂಜಪ್ಪ. ಒಂದು ಜರ್ನಲ್‌ನಲ್ಲಿ ‘ಎಚ್. ಎಂ. ನಾಗರಾಜ’ ಎಂದೇ ಅಚ್ಚಾಗುತ್ತದೆ. ಇನ್ನೊಂದಕ್ಕೆ ಅವರು ‘ನಾಗರಾಜ ಎಚ್ ಎಂ’ ಎಂದು ಕೊಟ್ಟರೆ, ಪ್ರಕಾಶಕರ ತಂತ್ರಾಂಶ ಕೊನೆಯ ‘ಎಂ’ಅನ್ನೇ ಮನೆತನದ ಹೆಸರೆಂದು ಹಿಡಿದು ‘ಎಂ, ನಾಗರಾಜ ಎಚ್.’ ಮಾಡಿಬಿಡುತ್ತದೆ. ಪಾಸ್‌ಪೋರ್ಟ್ ನೋಡಿ ತುಂಬಿದ ಸಮ್ಮೇಳನದ ಫಾರಂನಲ್ಲಿ ‘ನಾಗರಾಜ ಮಂಜಪ್ಪ’ ಆಗಿರುತ್ತದೆ. ಸಾಲದ್ದಕ್ಕೆ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಗೆ ‘ಎ’ ಅಕ್ಷರ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಈ ಎಲ್ಲ ರೂಪಗಳನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಇನಿಷಿಯಲ್ ಮುಂದೆ, ಇನಿಷಿಯಲ್ ಹಿಂದೆ, ಚುಕ್ಕೆಯೊಂದಿಗೆ, ಚುಕ್ಕೆಯಿಲ್ಲದೆ, ಅಲ್ಪವಿರಾಮ ಹಾಕಿ, ಬಿಟ್ಟು. ಮದುವೆಯ ನಂತರ ಹೆಸರು ಬದಲಿಸಿಕೊಂಡವರು ಹಳೆಯದನ್ನೂ ಸೇರಿಸಬೇಕು. ಪಟ್ಟಿ ಇಪ್ಪತ್ತು ಸಾಲಾದರೂ ತೊಂದರೆಯಿಲ್ಲ. ಊಹೆಯಿಂದ ಬರೆಯುವ ಬದಲು ನಿಮ್ಮ ಪ್ರಬಂಧಗಳ ಮೊದಲ ಪುಟಗಳನ್ನು ಎದುರಿಗಿಟ್ಟುಕೊಂಡು ಬರೆಯಿರಿ. ಮುಂದಿನ ಪ್ರಬಂಧದಿಂದಾದರೂ ಒಂದೇ ರೂಪಕ್ಕೆ ಅಂಟಿಕೊಳ್ಳಿ.

ರೂಪಗಳು ಹೆಚ್ಚಾದಷ್ಟೂ ಬೇರೆ ನಾಗರಾಜರ ಪ್ರಬಂಧಗಳೂ ಬಂದು ನಿಲ್ಲುತ್ತವೆ. ಒಂದೊಂದನ್ನೂ ತೆರೆದು ನೋಡಿ, ನಿಮ್ಮದಲ್ಲದ್ದನ್ನು ನಿರಾಕರಿಸಿ. ಎಲ್ಲಕ್ಕೂ ಒಟ್ಟಿಗೆ ಟಿಕ್ ಹಾಕಿದರೆ ಇನ್ನೊಬ್ಬರ ಕೃಷಿ ಸಾಲದ ಅಧ್ಯಯನ ನಿಮ್ಮ ಹೆಸರಿಗೆ ಸೇರಿಕೊಳ್ಳುತ್ತದೆ.

3. ಆವೃತ್ತಿಗಳನ್ನೆಲ್ಲ ಸೇರಿಸಿಕೊಳ್ಳಿ

ಒಂದೇ ಬರಹ ವರ್ಕಿಂಗ್ ಪೇಪರ್ (ಜರ್ನಲ್‌ಗೆ ಮುಂಚಿನ ಕರಡು ಪ್ರತಿ) ಆಗಿ ಒಂದು ನಮೂದು, ಜರ್ನಲ್ ಲೇಖನವಾಗಿ ಇನ್ನೊಂದು ನಮೂದು. ‘ಜರ್ನಲ್‌ನದ್ದೇ ಅಸಲಿ’ ಎಂದು ಹಳೆಯದನ್ನು ಕೈಬಿಡುವವರು ನಷ್ಟ ಮಾಡಿಕೊಳ್ಳುತ್ತಾರೆ, ಏಕೆಂದರೆ ಪುಕ್ಕಟೆಯಾಗಿ ಸಿಗುವ ವರ್ಕಿಂಗ್ ಪೇಪರ್‌ನತ್ತಲೇ ಬಹಳ ಓದುಗರು ಹೋಗುತ್ತಾರೆ. ಎರಡನ್ನೂ ನಿಮ್ಮದೆಂದು ಒಪ್ಪಿಕೊಳ್ಳಿ. ಶೀರ್ಷಿಕೆ ಒಂದೇ ಇದ್ದರೆ ಅವು ತಾವಾಗಿಯೇ ಜೋಡಣೆಯಾಗುತ್ತವೆ, ಬದಲಾಗಿದ್ದರೆ ಐಡಿಯಾಸ್‌ನಲ್ಲಿ ಜೋಡಣೆಗೆಂದೇ ಇರುವ ಫಾರಂ ತುಂಬಿ. ಎಂಪಿಆರ್‌ಎಯಲ್ಲಿ ತಿದ್ದಿದ ಪ್ರತಿ ಏರಿಸಿದಾಗಲೆಲ್ಲ ಹೊಸ ಸಂಖ್ಯೆ ಸಿಗುತ್ತದೆ, ಎಣಿಕೆಯೂ ಒಡೆದುಹೋಗುತ್ತದೆ. ಒಂದು ಅಲ್ಪವಿರಾಮ ಸರಿಪಡಿಸಲು ಹೊಸ ಪ್ರತಿ ಬೇಡ. ಎಸ್‌ಎಸ್‌ಆರ್‌ಎನ್‌ನಲ್ಲಿ ಈ ತಾಪತ್ರಯವಿಲ್ಲ, ತಿದ್ದುಪಡಿಯೂ ಅದೇ ಸಂಖ್ಯೆಯ ಅಡಿಯಲ್ಲೇ ಹೋಗುತ್ತದೆ.

4. ಲಾಗ್‌ಎಕ್ ಓದುವುದು

ಲಾಗ್‌ಎಕ್‌ನ ಲೇಖಕರ ಪುಟದಲ್ಲಿ ಪ್ರತಿ ಪ್ರಬಂಧಕ್ಕೂ ಎರಡು ಗುಂಪು: ಡೌನ್‌ಲೋಡು, ಸಾರಾಂಶದ ವೀಕ್ಷಣೆ. ಒಂದೊಂದರಲ್ಲೂ ಕಳೆದ ತಿಂಗಳು, 3 ತಿಂಗಳು, 12 ತಿಂಗಳು, ಒಟ್ಟು ಎಂಬ ಅಂಕಣಗಳು. 12 ತಿಂಗಳ ಅಂಕಣ ನೋಡಿ, ಕಳೆದ ತಿಂಗಳದ್ದನ್ನು ಮರೆತುಬಿಡಿ. ರೆಪೆಕ್‌ನ ಎನ್‌ಇಪಿ ಸೇವೆ ಹೊಸ ಪ್ರಬಂಧಗಳನ್ನು ವಿಷಯವಾರು ಮಿಂಚಂಚೆಯಲ್ಲಿ ಹಂಚುತ್ತದೆ. ನಿಮ್ಮದು ಅದರಲ್ಲಿ ಬಂದ ತಿಂಗಳು ಅಂಕಿ ಏರಿ, ಮರುತಿಂಗಳು ಇಳಿದರೆ ಗಾಬರಿ ಬೇಡ.

ಸಂಖ್ಯೆ ಚಿಕ್ಕದಾಗಿ ಕಾಣುವುದಕ್ಕೆ ಕಾರಣಗಳಿವೆ. ಲಾಗ್‌ಎಕ್ ರೋಬಾಟುಗಳನ್ನು (ತಾವಾಗಿಯೇ ಪುಟ ತೆರೆಯುವ ತಂತ್ರಾಂಶಗಳನ್ನು) ಸೋಸಿ ತೆಗೆಯುತ್ತದೆ. ಒಂದೇ ಐಪಿ ವಿಳಾಸದಿಂದ ಒಂದೇ ಪ್ರಬಂಧಕ್ಕೆ ತಿಂಗಳಲ್ಲಿ ಎಷ್ಟು ಸಲ ಒತ್ತಿದರೂ ಲೆಕ್ಕಕ್ಕೆ ಒಂದೇ. ಹಾಗಾಗಿ ಇಡೀ ಎಂ.ಎ. ತರಗತಿ ಕ್ಯಾಂಪಸ್ ವೈ-ಫೈಯಲ್ಲಿ ಇಳಿಸಿಕೊಂಡರೂ ಒಂದೇ ಡೌನ್‌ಲೋಡ್ ದಾಖಲಾಗಬಹುದು. ತಾವೇ ದಿನವೂ ಕ್ಲಿಕ್ ಮಾಡುವವರಿಗೂ ಇದೇ ಉತ್ತರ. ಜರ್ನಲ್ ಪ್ರಕಾಶಕರು ಬಳಕೆ ಎಣಿಸಲು ಅನುಸರಿಸುವ ‘ಕೌಂಟರ್’ ನಿಯಮ ಇಷ್ಟು ಬಿಗಿಯಲ್ಲ: ಅಲ್ಲಿ 30 ಸೆಕೆಂಡಿನೊಳಗಿನ ಮರುಕ್ಲಿಕ್ಕನ್ನಷ್ಟೇ ಒಂದಾಗಿ ಹಿಡಿಯುತ್ತಾರೆ. ಎರಡರ ಅಂಕಿಗಳು ಹೊಂದದಿರುವುದು ಸಹಜ.

ಇನ್ನೊಂದು ಮಿತಿಯೂ ಇದೆ. ರೆಪೆಕ್ ಎಣಿಸುವುದು ಡೌನ್‌ಲೋಡ್ ಕೊಂಡಿಯ ಮೇಲೆ ಬಿದ್ದ ಕ್ಲಿಕ್ಕನ್ನು. ಆಚೆ ಕಡೆ ಪ್ರಕಾಶಕರು ಹಣ ಕೇಳಿ ಓದುಗ ಹಿಂದಿರುಗಿದನೇ ಎಂಬುದು ಅದಕ್ಕೆ ಗೊತ್ತಾಗದು. ಗೂಗಲ್‌ನಿಂದ ನೇರವಾಗಿ ಪಿಡಿಎಫ್‌ಗೆ ಹೋದವರು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ವಾಟ್ಸ್ಆ್ಯಪ್ ಗುಂಪಿಗೆ ಪಿಡಿಎಫ್ ಕಡತವನ್ನೇ ಹಾಕಬೇಡಿ, ಐಡಿಯಾಸ್ ಪುಟದ ಕೊಂಡಿ ಕಳಿಸಿ. ವೀಕ್ಷಣೆ ಏರುತ್ತಿದ್ದು ಡೌನ್‌ಲೋಡ್ ಸೊನ್ನೆಯಲ್ಲೇ ನಿಂತಿದ್ದರೆ ಕೊಂಡಿಯನ್ನು ನೀವೇ ಒತ್ತಿ ನೋಡಿ. ಸಂಸ್ಥೆ ಜಾಲತಾಣ ಬದಲಿಸಿದಾಗ ಹಳೆಯ ವಿಳಾಸಗಳು ಸತ್ತಿರುತ್ತವೆ.

5. ಉಳಿದ ತಾಣಗಳು

ಎಸ್‌ಎಸ್‌ಆರ್‌ಎನ್‌ನ ಒಟ್ಟು ಡೌನ್‌ಲೋಡನ್ನು ಪ್ರತಿ ತಿಂಗಳ 5ರಂದು ಎಕ್ಸೆಲ್‌ನಲ್ಲಿ ಬರೆದಿಡಿ: ದಿನಾಂಕ, ಪ್ರಬಂಧ, ವೀಕ್ಷಣೆ, ಡೌನ್‌ಲೋಡ್. ಹಿಂದಿನ ತಿಂಗಳ ಮೊತ್ತ ಕಳೆದರೆ ಆ ತಿಂಗಳದ್ದು ಸಿಗುತ್ತದೆ. ರಿಸರ್ಚ್‌ಗೇಟ್‌ನ ‘ರೀಡ್ಸ್’ನಲ್ಲಿ ಸಾರಾಂಶ ನೋಡಿದ್ದೂ ಸೇರಿರುತ್ತದೆ, ಅದನ್ನು ಡೌನ್‌ಲೋಡ್ ಎಂದು ಬರೆಯಬೇಡಿ. ಗೂಗಲ್ ಸ್ಕಾಲರ್ ಡೌನ್‌ಲೋಡ್ ಎಣಿಸುವುದೇ ಇಲ್ಲ, ಅಲ್ಲಿರುವುದು ಉಲ್ಲೇಖಗಳು ಮಾತ್ರ.

ಅರ್ಜಿಯಲ್ಲಿ ಬರೆಯುವಾಗ ತಾಣದ ಹೆಸರು, ಅವಧಿ, ಯಾವ ಎಣಿಕೆ, ನೋಡಿದ ದಿನಾಂಕ ನಾಲ್ಕೂ ಇರಲಿ. ಲಾಗ್‌ಎಕ್ ಪುಟದ ತುದಿಯಲ್ಲಿ ಅಂಕಿ ನವೀಕರಿಸಿದ ದಿನಾಂಕವಿರುತ್ತದೆ. ಆ ಸಾಲು ಕಾಣುವಂತೆ ಮುದ್ರಿಸಿ ಲಗತ್ತಿಸಿ.